ಟೆರೆನ್ಸ್ ಬಗ್ಗೆ ನೀನು ಹೇಳಿದ ಕೊನೆಯ ಮಾತು

ಅಣ್ಣಾ,

ನೀನು ಹೋಗಿ ಎಂಟು ಭಾನುವಾರ ಆಯಿತು. ವೈಕುಂಠ ಸಮಾರಾಧನೆ ಮುಗಿದ ಮೇಲಾದರೂ ನೀನು ಮೈದಾನಕ್ಕೆ ಚಹಾ ಒಯ್ಯುತ್ತಿದ್ದ ಆ ಹಾಳು ಫ್ಲಾಸ್ಕಿನಿಂದ ನನಗೆ ಬಿಡುಗಡೆ ಸಿಗಬಹುದು ಅಂದುಕೊಂಡಿದ್ದೆ. ಎಲ್ಲಿಯ ಬಿಡುಗಡೆ? ಲಂಡನ್ನಿನ ನಮ್ಮ ಕೆಂಟನ್ ಫ್ಲ್ಯಾಟಿನ ಹಿಂದಿನ ಮೈದಾನದಲ್ಲಿ ಆ ಅಮೆರಿಕದ ಫುಟ್‌ಬಾಲ್ ಆಡುವವರಿಗೆ ಗೆಲ್ಲುವುದು ಗೊತ್ತಿಲ್ಲ, ನೋಡಲು ಬರುವ ನಮ್ಮವರಿಗೆ ಬಾಯಿ ಮುಚ್ಚುವುದು ಗೊತ್ತಿಲ್ಲ. ನಡುವೆ ನಾನು ಲೋಟಕ್ಕೆ ಚಹಾ ಬಗ್ಗಿಸಿಕೊಂಡು ನಿಂತಿರುತ್ತೇನೆ.

ನೀನು ಮೊದಲ ಸಲ ಆ ಆಟ ನೋಡಿ ಬಂದ ದಿನ ನೆನಪಿದೆಯಾ? ರೆಸ್ಟೋರೆಂಟಿನಿಂದ ರಿಟೈರ್ ಆಗಿ ಹದಿನೈದು ದಿನವೂ ಆಗಿರಲಿಲ್ಲ. ಬೂಟು ಕೂಡ ಬಿಚ್ಚದೆ ಅಡುಗೆಮನೆಗೆ ಬಂದು, "ಒಬ್ಬ ಇದ್ದಾನೆ ಮಾರಾಯ್ತಿ, ಚೆಂಡನ್ನು ಎದೆಗೆ ಅವುಚಿಕೊಂಡು ಎದುರಿನವರ ನಡುವೆ ನುಗ್ಗುತ್ತಾನೆ. ಅದಕ್ಕೆ ರನ್ನಿಂಗ್ ಬ್ಯಾಕ್ ಅಂತ ಹೆಸರಂತೆ. ಹೆಸರೇನಾದರೂ ಇರಲಿ, ಅವ ಮಾಡುವುದು ಸಪ್ಲೈಯರ್ ಕೆಲಸವೇ" ಅಂದಿದ್ದೆ. ಮರುವಾರ ಆ ಟೆರೆನ್ಸ್‌ನನ್ನು ನಿಲ್ಲಿಸಿ, ಜನ ತುಂಬಿದ ಹೊಟೇಲಿನಲ್ಲಿ ಕಾಫಿ ಟ್ರೇ ಹೇಗೆ ಒಯ್ಯಬೇಕು ಅಂತ ತೋರಿಸಿಕೊಟ್ಟೆ. ಮೊಳಕೈ ಪಕ್ಕೆಗೆ ಒತ್ತಿರಬೇಕು, ಕಣ್ಣು ಕೈಯ ಮೇಲಿರಬಾರದು, ದಾರಿಯ ಮೇಲಿರಬೇಕು. ಮೂವತ್ತೆರಡು ವರ್ಷದ ಬಸ್ ಡ್ರೈವರ್, ಆರಡಿ ಆಳು, ನಿನ್ನ ಮುಂದೆ ಕೈ ಮಡಚಿ ನಿಂತು ಕಲಿತ. ನನಗೆ ನಗು ಬಂದಿತ್ತು.

ನಿನ್ನ ಹಿಂದೆ ಬಂದ ಅಭಿಮಾನಿಗಳ ಕಥೆ ಹೇಳುವುದೇ ಬೇಡ. ರೇನರ್ಸ್ ಲೇನಿನ ಅಂಗಡಿಯ ಪ್ರಭಾಕರ ಶೆಟ್ರು, ಬೆಂಗಳೂರಿನ ಸುಧೀಂದ್ರ, ಇನ್ನೂ ನಾಲ್ಕು ಜನ. ಎಲ್ಲ ಬಂದದ್ದು ನಾನು ಮಾಡುವ ಬನ್ಸ್ ತಿನ್ನಲಿಕ್ಕೆ. ಬನ್ಸ್ ಹೊಟ್ಟೆಗೆ ಇಳಿಯುತ್ತಿದ್ದ ಹಾಗೆ ಒಬ್ಬೊಬ್ಬನೂ ಕೋಚ್ ಆದ. ಸುಧೀಂದ್ರ ಒಂದನೇ ಮಹಡಿಗೂ ಲಿಫ್ಟ್ ಹತ್ತುವವನು. ಶೆಟ್ರು ಬಸ್ಸು ಹೊರಟರೆ ಓಡುವವರಲ್ಲ, ಅದಕ್ಕೆ ಬೈದು ಮುಂದಿನದಕ್ಕೆ ಕಾಯುವವರು. ಇವರು ಇನ್ನೊಬ್ಬನ ಕಾಲಿಗೆ, ಕೈಗೆ ಮಾರ್ಕು ಹಾಕುತ್ತಾರೆ.

ನೀನು ಆಸ್ಪತ್ರೆ ಸೇರಿದ ವಾರ ಟೆರೆನ್ಸ್ ಒಂದು ಸಲ ಚೆಂಡು ಬಿಟ್ಟ. ನೀನು ಹೋದ ಮೇಲೆ ಮತ್ತೆ ಎರಡು ಸಲ. ಅಷ್ಟೇ ಸಾಕಾಯಿತು. ಚಹಾದ ಮೇಜಿನ ಸುತ್ತ ಕೋರ್ಟು ಶುರುವಾಯಿತು. "ಅವನ ಕೈಗೆ ಎಣ್ಣೆ ಹಚ್ಚಿದ್ದಾ ಹೇಗೆ?" ಅಂದರು ಶೆಟ್ರು. "ಸುಮ್ನೆ ನಂಬಿಕೆ ಇಡೋಕಾಗಲ್ಲ ಆಂಟಿ, ಟ್ರ್ಯಾಕ್ ರೆಕಾರ್ಡ್ ಬೇಕಲ್ವಾ?" ಅಂದ ಸುಧೀಂದ್ರ. ಆಮೇಲೆ ವಾಟ್ಸಾಪಿನಲ್ಲಿ ವೋಟ್ ಹಾಕಿಸಿದ. ಟೆರೆನ್ಸ್ ಮೇಲೆ ನಂಬಿಕೆ ಇದೆಯೋ ಇಲ್ಲವೋ? ಆರು ಜನರೂ ಇಲ್ಲ ಅಂದರು. ನಾನು ಫೋನ್ ಮಗುಚಿ ಇಟ್ಟೆ. ಈ ಆರು ಜನರ ನಂಬಿಕೆ ಕಟ್ಟಿಕೊಂಡು ಅವನಿಗೇನು ಆಗಬೇಕಿತ್ತು, ಅಣ್ಣ? ಆದರೆ ಆಗಬೇಕಿತ್ತಂತೆ. ಕನ್ನಡ ಬಾರದಿದ್ದರೂ ತನ್ನ ಹೆಸರು ಅವನಿಗೆ ಕೇಳಿಸುತ್ತದಲ್ಲ. ಪ್ರತಿ ಸಲ ಹೆಸರು ಬಂದಾಗಲೂ ಅವನು ಇತ್ತ ತಿರುಗಿ ನೋಡುತ್ತಿದ್ದ.

ಕಳೆದ ಭಾನುವಾರ ಆಟಕ್ಕೆ ಮೊದಲೇ ನನ್ನ ಮೇಜಿನ ಹತ್ತಿರ ಬಂದ. ಹೆಲ್ಮೆಟ್ ಕೈಯಲ್ಲಿತ್ತು. ಚಹಾ ಬೇಡ ಅಂದ. ಇವತ್ತಿನದೇ ಕೊನೆ, ಆಮೇಲೆ ಬಿಡುತ್ತೇನೆ ಅಂತ ಕೋಚಿಗೆ ಹೇಳಿಬಿಟ್ಟಿದ್ದಾನಂತೆ. "ಒಂದೇ ಒಂದು ಕೇಳ್ತೇನೆ. ನಿಮ್ಮಣ್ಣ ನನ್ನನ್ನು ನಿಜವಾಗಿ ನಂಬಿದ್ದರಾ? ಅಲ್ಲ, ಒಳ್ಳೆಯ ಮನುಷ್ಯರಾದ್ದರಿಂದ ಸುಮ್ಮನೆ ಹಾಗೆ ಹೇಳ್ತಿದ್ದರಾ?"

ಆಗ ನನಗೆ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಯಿತು. ಶೆಟ್ರು ಬಂದು, ಚೆಂಡು ಬಿದ್ದ ಕಥೆಯನ್ನು ನಿನಗೆ ಉಪ್ಪು ಖಾರ ಹಚ್ಚಿ ಹೇಳಿ, ನಿನಗೆ ತಂದಿದ್ದ ದ್ರಾಕ್ಷಿಯನ್ನು ಅರ್ಧ ತಾವೇ ತಿಂದು ಹೋಗಿದ್ದರು. ನೀನು ಗೋಡೆ ಕಡೆ ತಿರುಗಿ, "ಟೆರೆನ್ಸ್ ಕೈಲಿ ಇನ್ನು ಆಗುವುದಿಲ್ಲ. ಹೆದರಿದ್ದಾನೆ ಅವ. ಬಿಟ್ಟರೆ ಒಳ್ಳೆಯದು" ಅಂದೆ. ಮೂರು ದಿನಕ್ಕೆ ನೀನೇ ಇಲ್ಲ. ಅವನ ಬಗ್ಗೆ ನೀನು ಆಡಿದ ಕೊನೆಯ ಮಾತು ಅದು. ಮೈದಾನ ನೋಡದೆ, ಅವನ ಮುಖ ನೋಡದೆ, ಆ ಶೆಟ್ರ ಬಾಯಿ ನಂಬಿ! ಆ ಆರು ಜನರನ್ನು ನಾನು ಎಷ್ಟು ಬೈಯುತ್ತೇನೋ, ಅಷ್ಟೂ ನಿನಗೂ ಸಲ್ಲಬೇಕು. ಸತ್ತವನೆಂದು ಎಂಟು ವಾರ ನಾನು ಸುಮ್ಮನಿದ್ದೆ.

ನಿನಗೆ ಉಡುಪಿಯ ಹೊಟೇಲಿನ ಮೊದಲ ದಿನ ಮರೆತೇ ಹೋಗಿತ್ತಾ? ಮದುವೆ ದಿಬ್ಬಣದವರ ಹದಿನಾಲ್ಕು ಕಾಫಿ, ಟ್ರೇ ಸಮೇತ ಮದುಮಗನ ಮಾವನ ಪಂಚೆಯ ಮೇಲೆ. ಕೆಲಸ ಹೋಯಿತೆಂದು ನೀನು ಚೀಲ ಕಟ್ಟಿದ್ದೆ. ಮರುದಿನ ಬೆಳಿಗ್ಗೆ ಹೊಟೇಲಿನ ಯಜಮಾನ ಭಟ್ರು ಅದೇ ಟ್ರೇಯನ್ನು ನಿನ್ನ ಕೈಗೇ ಕೊಟ್ಟಿದ್ದರು. ಅವರು ಹಾಗೆ ಮಾಡದಿದ್ದರೆ ನೀನು ಲಂಡನ್ ನೋಡುವುದು ಹೋಗಲಿ... ಈ ಕಥೆಯನ್ನು ನೀನು ನನ್ನ ಮಕ್ಕಳಿಗೆ ನೂರು ಸಲ ಹೇಳಿದ್ದೀಯ. ಅವರು "ನಾಟ್ ಅಗೇನ್, ಮಾಮ" ಅಂತ ಎದ್ದು ಹೋಗುತ್ತಿದ್ದರು. ಹೇಳಬೇಕಾದವನಿಗೆ ಮಾತ್ರ ನೀನು ಹೇಳಲಿಲ್ಲ.

ಹಾಗಾಗಿ ನಾನು ಹೇಳಿದೆ. ಕಾಫಿ, ಪಂಚೆ, ಭಟ್ರು, ಎಲ್ಲ. ಕೊನೆಗೆ ಒಂದು ಸುಳ್ಳನ್ನೂ ಸೇರಿಸಿದೆ. "ಆಸ್ಪತ್ರೆಯಲ್ಲಿ ಅಣ್ಣ ನಿನ್ನ ಹೆಸರು ಹೇಳಿ, ನಾಳೆಯೂ ಟ್ರೇ ಅವನ ಕೈಗೇ ಕೊಡಬೇಕು ಅಂದಿದ್ದ" ಅಂದೆ. ಟೆರೆನ್ಸ್ ಹೆಲ್ಮೆಟ್ ಹಾಕಿಕೊಂಡು ಹೋದ.

ಆಟ ಮುಗಿಯುವ ಹೊತ್ತಿಗೆ ಚೆಂಡು ಅವನ ಕೈಗೆ ಬಂತು. "ಹೋಯ್ತು" ಅಂದ ಸುಧೀಂದ್ರ, ಇನ್ನೂ ಏನೂ ಆಗಿರಲೇ ಇಲ್ಲ. ಮೊಳಕೈ ಪಕ್ಕೆಗೆ ಒತ್ತಿ ನುಗ್ಗಿದ, ಅಣ್ಣ. ಮೂರು ಜನ ಮೈಮೇಲೆ ಬಿದ್ದರು. ಒಬ್ಬೊಬ್ಬರನ್ನಾಗಿ ಎಬ್ಬಿಸಿ ನೋಡಿದರೆ ಅಡಿಯಲ್ಲಿ ಟೆರೆನ್ಸ್, ಟೆರೆನ್ಸ್‌ನ ಅಡಿಯಲ್ಲಿ ಚೆಂಡು. ಆಟವನ್ನು ನಾವು ಹೇಗೂ ಸೋತೆವು, ಅದು ಬೇರೆ ವಿಷಯ. "ನಾನು ಆವತ್ತೇ ಹೇಳಿರ್ಲಿಲ್ವಾ, ಹುಡುಗ ಗಟ್ಟಿ ಅಂತ" ಅಂದರು ಶೆಟ್ರು, ಬಾಯಿತುಂಬ ಬನ್ಸ್ ಇಟ್ಟುಕೊಂಡೇ. ಅವರ ಲೋಟಕ್ಕೆ ಚಹಾ ಹಾಕಲಿಲ್ಲ ನಾನು.

ಟೆರೆನ್ಸ್ ಕುಂಟುತ್ತಾ ಬಂದ. ಚೆಂಡು ಇನ್ನೂ ಕಂಕುಳಲ್ಲೇ ಇತ್ತು. ಇನ್ನೊಂದು ಕೈ ಚಾಚಿ, ನಿನ್ನ ಸ್ಟೀಲ್ ಲೋಟವನ್ನೇ ಕೇಳಿ ತೆಗೆದುಕೊಂಡು ಚಹಾ ಕುಡಿದ. ಮುಂದಿನ ಭಾನುವಾರವೂ ಬರುತ್ತಾನಂತೆ. ಅಂದರೆ ನನಗೂ ಫ್ಲಾಸ್ಕು ತಪ್ಪಿದ್ದಲ್ಲ.

ನೀನು ಅವನನ್ನು ನಂಬಲಿಲ್ಲ ಎಂಬುದು ಈಗ ನನಗೊಬ್ಬಳಿಗೇ ಗೊತ್ತು. ಅದು ನನ್ನ ಜೊತೆಗೇ ಹೋಗುತ್ತದೆ, ಯಾರಿಗೂ ಹೇಳುವುದಿಲ್ಲ. ನೀನು ಆಡದ ಮಾತನ್ನು ಅವನು ಎದೆಗೆ ಅವುಚಿಕೊಂಡು ಓಡಿಬಿಟ್ಟಿದ್ದಾನೆ, ಇನ್ನು ಅದು ನಿನ್ನದೇ ಮಾತು. ಅಲ್ಲಿ ಯಾರಾದರೂ ಕೇಳಿದರೆ ಹೌದು, ನಾನೇ ಅಂದದ್ದು ಅಂತ ಹೇಳು.

ನಿನ್ನ ತಂಗಿ,
ಸರೋಜ