ಅಂಟು ಮೆತ್ತಿದ ಕೇಬಲ್

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನರ್ಸಿಂಗ್ ತರಬೇತಿಯಲ್ಲಿ ದಿನವಿಡೀ ನಿಂತು ಪಾದ ಊದುತ್ತದೆ ಎಂದು ಫೋನಿನಲ್ಲಿ ಅಮ್ಮನ ಹತ್ತಿರ ಹೇಳಿದೆಯಂತೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೋ. ನರ್ಸಮ್ಮನಿಗೇ ಮದ್ದು ಹೇಳಿಕೊಡುತ್ತಿದ್ದೇನೆ, ನಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಕೆಮ್ಮು ಹೋಯಿತು, ಗೊಣಗಾಟ ಹಾಗೇ ಇದೆ.

ಹೊರಡುವ ದಿನ ನೀನು ನನ್ನ ಬೈಂಡಿಂಗ್ ಮೇಜಿನ ಮೇಲೆ ಬಿಟ್ಟುಹೋದ ಹಾಡಿನ ಪ್ಲೇಯರ್ ವಿಷಯ ಬರೆಯಬೇಕು. ನಾನು ಪಕ್ಕದಲ್ಲೇ ನಿಂತಿದ್ದರೂ, "ಅಮ್ಮಾ, ಇದನ್ನ ಅವರು ಇಟ್ಕೊಳ್ಳಲಿ. ಅಂಟುಗೈಯಲ್ಲಿ ಮುಟ್ಟಬಾರದು ಅಂತ ಹೇಳು" ಎಂದೆ ನೀನು. ನಿನ್ನಮ್ಮನನ್ನು ಮದುವೆಯಾಗಿ ಹನ್ನೊಂದು ವರ್ಷವಾಯಿತು, ನಿನ್ನ ಬಾಯಲ್ಲಿ ನಾನು ಇನ್ನೂ 'ಅವರು'. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆಗ ನಿನಗೆ ಒಂಬತ್ತು ವರ್ಷ. ತೀರಿಹೋದ ಅಪ್ಪನ ಕುರ್ಚಿಯಲ್ಲಿ ಬಂದು ಕೂತವನನ್ನು ಮಗು ಏನಂತ ಕರೆಯಬೇಕಿತ್ತು? ಹೋಗಲಿ ಬಿಡು.

ಅದರಲ್ಲಿದ್ದ ಹಾಡೆಲ್ಲ ಬಾಯಿಪಾಠವಾದವು. ಪುಸ್ತಕಕ್ಕೆ ಹೊಲಿಗೆ ಹಾಕುವಾಗ ಕೇಳಲು ಇನ್ನೊಂದಷ್ಟು ತುಂಬಿಸೋಣ ಎಂದು ಕಳೆದ ವಾರ ಮನೆ ಮುಂಭಾಗದ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಪ್ಲೇಯರ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿನ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಬೇರೆ ತೂತಿಗೆ ಹಾಕಿದೆ, ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಉಹೂಂ. ಎದುರಿನ ಫೋನ್ ರಿಪೇರಿಯವನು, "ಹಳೇ ಮಾಲು ಸಾರ್, ಎಸೆದ್ಬಿಡಿ" ಎಂದ. ಮೈ ಉರಿಯಿತು. ಗೆದ್ದಲು ತಿಂದ ಪುಸ್ತಕವನ್ನೇ ಎಸೆಯದವನು ನಾನು, ಇದನ್ನು ಎಸೆಯುತ್ತೇನೆಯೇ?

ಕೊನೆಗೆ ನೋಡಿದರೆ ಕಳ್ಳ ನಾನೇ. ಕೇಬಲ್ಲಿನ ಕುತ್ತಿಗೆ ಬಿರುಕು ಬಿಟ್ಟಿತ್ತೆಂದು, ಪುಸ್ತಕದ ಬೆನ್ನಿಗೆ ಮಾಡುವ ಹಾಗೆ ಬಟ್ಟೆ ಸುತ್ತಿ ಅಂಟು ಬಳಿದಿದ್ದೆ. ಅದು ಇಳಿದು ತುದಿಯೊಳಗೆ ಗಟ್ಟಿಯಾಗಿ ಕೂತಿತ್ತು. ಅಲ್ಲಿ ನಾಲ್ಕು ಸಣ್ಣ ಪಟ್ಟಿಗಳಿವೆ. ಅಂಚಿನ ಎರಡು ಕರೆಂಟಿಗೆ, ನಡುವಿನ ಎರಡು ಮಾತುಕತೆಗೆ. ಆ ನಡುವಿನವೆರಡರ ಬಾಯಿ ಮುಚ್ಚಿಸಿದ್ದೆ ನಾನು. ಹೊಲಿಗೆ ಸೂಜಿಯಲ್ಲಿ ಮೆಲ್ಲಗೆ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ ಇವತ್ತು ಬೆಳಿಗ್ಗೆ ಸಿಕ್ಕಿಸಿದರೆ ಕಂಪ್ಯೂಟರ್ ಟಿಣ್ ಎಂದಿತು. ಹೊಸ ಹಾಡು ಮಾತ್ರ ಹಾಕಲಿಲ್ಲ, ಹಳೆಯವೇ ಸಾಕು ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನಗೆ ಒಂದು ಮುತ್ತು ಕಳಿಸಿದ್ದಾಳೆ, ಜೊತೆಗೆ ಎರಡು ಬೈಗುಳ. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ಇಂತಿ,
ನಿನ್ನ 'ಅವರು'

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಟಿಣ್ ಎಂದ ಮೇಲೆ, ನೀನು ಪ್ಲೇಯರಿಗೆ ಇಟ್ಟ ಹೆಸರು ಪರದೆಯ ಮೇಲೆ ಬಂತು: 'ಅಂಟುಗೈ ಅಪ್ಪ'. ಅದರ ಕೆಳಗೊಂದು ಪ್ರಶ್ನೆ. ಇದು ಬೇರೆ ಕಂಪ್ಯೂಟರಿಗೆ ಜೋಡಿಸಿದ್ದು, ಇದರಲ್ಲಿರುವುದನ್ನೆಲ್ಲ ಅಳಿಸಿ ಹೊಸ ಹೆಸರಿಟ್ಟು ಶುರು ಮಾಡಲೇ ಎಂದು. 'ಬೇಡ' ಒತ್ತಿದೆ. ನೋಡಿಬಿಟ್ಟರಲ್ಲ ಎಂದು ನಾಚಿಕೊಳ್ಳಬೇಡ. ಬಂದಾಗ 'ಅವರು' ಎಂದೇ ಕರೆ, ನನಗೂ ಅಭ್ಯಾಸವಾಗಿದೆ. ನಿನ್ನಮ್ಮನಿಗೆ ಮಾತ್ರ ತೋರಿಸಿದೆ, ಮೂರು ಸಲ. ಈಗ ಸಂಜೆಯಾಯಿತು. ಕೇಬಲ್ ಎಳೆದರೆ ಹೆಸರು ಹೋಗುತ್ತದಲ್ಲ ಎಂದು ಇನ್ನೂ ಎಳೆದಿಲ್ಲ.