ಕಣ್ಣಿಗೆ ಕಾಣದ ಚೀಲಕ್ಕೆ ಇಪ್ಪತ್ತು ಅಂಕ

ಸರಬರಾಜುದಾರರ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೈಸೂರು ರಸ್ತೆಯ ನಿಮ್ಮ ಕಾರ್ಖಾನೆಗೆ ಹೊರಗಿನಿಂದ ಕೆಲಸ ಮಾಡಿಕೊಡುವವರನ್ನು ಅಳೆಯಲು ನೀವು ಬಳಸುವ ಅಂಕಪಟ್ಟಿಯ ಹದಿನಾಲ್ಕನೆಯ ಸಾಲು ಹೀಗಿದೆ: ‘ಘಟಕದ ಆವರಣದಲ್ಲಿ ತ್ಯಾಜ್ಯವು ಗೋಚರಿಸತಕ್ಕದ್ದಲ್ಲ. ಗರಿಷ್ಠ ಅಂಕ ಇಪ್ಪತ್ತು.’ ಆ ಸಾಲನ್ನು ಹೊಡೆದುಹಾಕಿ ಎಂದು ಕೇಳುವುದಕ್ಕೆ ಈ ಪತ್ರ. ಬರುವ ಗುರುವಾರದೊಳಗೆ ಹೊಡೆದುಹಾಕಬೇಕು. ಅಂದು ನಿಮ್ಮ ಅಧಿಕಾರಿ ಕುಂಬಳಗೋಡಿನ ಒಂದು ಸಣ್ಣ ಶೆಡ್ಡಿಗೆ ಎರಡನೇ ಸಲ ಹೋಗುತ್ತಾರೆ. ಅಷ್ಟರಲ್ಲಿ ಆ ಶೆಡ್ಡು ನಡೆಸುವ ಗೂಳಪ್ಪ ಎಂಬ ಪ್ರಾಮಾಣಿಕ ಮನುಷ್ಯ ಕಳ್ಳನಾಗಬೇಕು, ಇಲ್ಲವೇ ನಿಮ್ಮ ಆರ್ಡರ್ ಕಳೆದುಕೊಳ್ಳಬೇಕು. ಇಂಥ ಸಾಲನ್ನು ಬರೆದ ಮಹಾನುಭಾವ ಯಾರೆಂದು ಕಡತ ಹುಡುಕುವ ಶ್ರಮ ನಿಮಗೆ ಬೇಡ. ಬರೆದವನು ನಾನೇ.

ಆ ಸಾಲಿನ ಬಗ್ಗೆ ಜುಲೈನಿಂದೀಚೆಗೆ ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ‘ತಮ್ಮ ಅಮೂಲ್ಯ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ’ ಎಂಬ ಉತ್ತರ ಎರಡು ಸಲವೂ ಬಂತು, ಒಂದಕ್ಷರವೂ ಬದಲಾಗದೆ. ಮೂವತ್ತೊಂದು ವರ್ಷ ಅದೇ ಕಚೇರಿಯಲ್ಲಿ ಕೂತು ಹೋದ ವರ್ಷ ನಿವೃತ್ತನಾದವನು ನಾನು. ಆ ವಾಕ್ಯವನ್ನು ಎಷ್ಟು ಜನಕ್ಕೆ ನಾನೇ ಕಳಿಸಿದ್ದೇನೋ, ನೆನಪಿಲ್ಲ. ಅದರ ಅರ್ಥ ‘ಸುಮ್ಮನಿರಿ’ ಎಂದು. ಸುಮ್ಮನಿರಲು ಆಗುತ್ತಿಲ್ಲವಾದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಕಾರ್ಖಾನೆ ಕಟ್ಟಿದ್ದು ಜನರ ತೆರಿಗೆಯಿಂದ, ಅದರ ಆಚೆ ಹರಿಯುವ ವೃಷಭಾವತಿ ನದಿಯೂ ಜನರದ್ದೇ, ಆದ್ದರಿಂದ ಜನರೂ ಓದಲಿ.

ನಮ್ಮ ಕಾರ್ಖಾನೆ ವಿದ್ಯುತ್ ಸ್ವಿಚ್‌ಗಳ ದೊಡ್ಡ ಪೆಟ್ಟಿಗೆಗಳನ್ನು ಮಾಡುತ್ತದೆ. ಅದರ ಕಬ್ಬಿಣದ ತಗಡು, ಸ್ಕ್ರೂಗಳೆಲ್ಲ ತುಕ್ಕು ಹಿಡಿಯದಂತೆ ಸತುವಿನ ಲೇಪ ಆಗಬೇಕು. ಆ ಕೆಲಸವನ್ನು ಕಾಮಾಕ್ಷಿಪಾಳ್ಯದ ನಾಲ್ಕು ಸಣ್ಣ ಪ್ಲೇಟಿಂಗ್ ಶೆಡ್‌ಗಳು ಮಾಡಿಕೊಡುತ್ತಿದ್ದವು. ಆ ನಾಲ್ವರದ್ದು ಒಂದು ರೂಢಿ ಇತ್ತು. ಒಬ್ಬರ ಯಂತ್ರ ಕೆಟ್ಟರೆ ಅವರ ಮಾಲನ್ನು ಪಕ್ಕದವರ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ಇವರ ರಸಾಯನ ಮುಗಿದರೆ ಅವರು ಒಂದು ಕ್ಯಾನ್ ಕೊಡುತ್ತಿದ್ದರು. ಪೈಪೋಟಿಯೂ ಇತ್ತು, ಜಗಳವೂ ಇತ್ತು, ಆದರೆ ಮಾಲು ನಿಂತಿದ್ದಿಲ್ಲ. ಹನ್ನೆರಡು ವರ್ಷದಲ್ಲಿ ಲೇಪ ಬರಲಿಲ್ಲವೆಂದು ನಮ್ಮ ಜೋಡಣೆಯ ಸಾಲು ಒಂದು ದಿನ ನಿಂತ ನೆನಪು ನನಗಿಲ್ಲ. ಈ ರೂಢಿಗೆ ನನ್ನ ಅಂಕಪಟ್ಟಿಯಲ್ಲಿ ಏನೆಂದು ಹೆಸರಿಟ್ಟಿದ್ದೆ ಗೊತ್ತೇ? ‘ಅನಧಿಕೃತ ಉಪಗುತ್ತಿಗೆ’. ಅದಕ್ಕೆ ನಾಲ್ವರಿಗೂ ಐದೈದು ಅಂಕ ಕಳೆದೆ.

2005ರಲ್ಲಿ ಕಾರ್ಖಾನೆಗೆ ಹಸಿರು ಜ್ವರ ಬಂದಿತ್ತು. ಹೊರದೇಶದ ಗಿರಾಕಿಗಳು ‘ನಿಮ್ಮ ಸರಬರಾಜುದಾರರು ಪರಿಸರಕ್ಕೆ ಒಳ್ಳೆಯವರೇ?’ ಎಂದು ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ, ಅದರಲ್ಲಿ ತಪ್ಪಿಲ್ಲ. ಉತ್ತರ ಹುಡುಕಲು ನನ್ನನ್ನು ನೇಮಿಸಿದ್ದು ತಪ್ಪು. ನಾನು ಮೂರು ದಿನ ಎಸಿ ಕೋಣೆಯಲ್ಲಿ ಕೂತು ಅಂಕಪಟ್ಟಿ ಮಾಡಿದೆ. ಪ್ರಮಾಣಪತ್ರಕ್ಕೆ ನಲವತ್ತು, ಸ್ವಚ್ಛತೆಗೆ, ಅಂದರೆ ಆ ಹದಿನಾಲ್ಕನೆಯ ಸಾಲಿಗೆ, ಇಪ್ಪತ್ತು, ಮಿಕ್ಕಿದ್ದು ಚಿಲ್ಲರೆ. ಆಯುಧಪೂಜೆ ಕಳೆದ ವಾರ ಅದನ್ನು ಹಿಡಿದು ಅಂಜನಮ್ಮನವರ ಶೆಡ್ಡಿಗೆ ಹೋದೆ.

ಅಂಜನಮ್ಮ ಗಂಡ ತೀರಿಕೊಂಡ ಮೇಲೆ ಆ ಶೆಡ್ಡನ್ನು ತಾವೇ ನಡೆಸುತ್ತಿದ್ದ ಹೆಂಗಸು. ಬಾಗಲಕೋಟೆ ಕಡೆಯ ಗೂಳಪ್ಪ ಅವರ ಮೇಸ್ತ್ರಿ. ಲೇಪವಾದ ಮಾಲನ್ನು ತೊಳೆದ ನೀರಿನಲ್ಲಿ ವಿಷದ ಲೋಹ ಉಳಿಯುತ್ತದೆ. ಅಂಜನಮ್ಮ ಆ ನೀರನ್ನು ಮೋರಿಗೆ ಬಿಡದೆ ಸುಣ್ಣ ಹಾಕಿ, ತಳಕ್ಕೆ ಕೂತ ಕೆಸರನ್ನು ಬಿಸಿಲಲ್ಲಿ ಒಣಗಿಸಿ, ಚೀಲ ಕಟ್ಟಿ, ಸೂರಿನ ಕೆಳಗೆ ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದರು. ಪ್ರತಿ ಚೀಲದ ಮೇಲೆ ತಾರೀಕು. ಅಂಥ ಕೆಸರನ್ನು ಕೊಂಡೊಯ್ಯುವವರು ಆಗ ನಮ್ಮ ಕಡೆ ಯಾರೂ ಇರಲಿಲ್ಲ, ಆದ್ದರಿಂದ ಅರ್ಧ ಶೆಡ್ಡು ಚೀಲಗಳದ್ದೇ ಆಗಿತ್ತು. ಆಯುಧಪೂಜೆಯಲ್ಲಿ ತೊಟ್ಟಿಗಳಿಗೆ ಇಟ್ಟಂತೆ ಚೀಲಗಳಿಗೂ ಕುಂಕುಮ ಇಟ್ಟು ಸೇವಂತಿಗೆ ಸಿಕ್ಕಿಸಿದ್ದರು. ನನಗೆ ನಗು ಬಂತು. ವರದಿಯಲ್ಲಿ ‘ತ್ಯಾಜ್ಯಕ್ಕೂ ಪೂಜೆ ಸಲ್ಲಿಸಲಾಗುತ್ತಿದೆ’ ಎಂದು ಬರೆದು, ಸಮಿತಿಯಲ್ಲಿ ಓದಿ, ಎಲ್ಲರನ್ನೂ ನಗಿಸಿದೆ.

‘ಏನಮ್ಮ ಇದು, ಇಷ್ಟೊಂದು ಚೀಲ?’ ಎಂದು ಕೇಳಿದ್ದೆ.

‘ಒಳಗಿಟ್ರೆ ಜಾಗ ಇಲ್ಲ ಅಂತೀರಾ, ಹೊರಗಿಟ್ರೆ ಮಳೇಲಿ ಕರಗಿ ಮೋರಿ ಸೇರುತ್ತೆ. ಎಲ್ಲಿ ಇಡ್ಲಿ, ನೀವೇ ಹೇಳಿ ಸಾರ್’ ಎಂದರು.

‘ಎಲ್ಲಾದ್ರೂ ಇಡೀಮ್ಮ. ನನ್ನ ಕಣ್ಣಿಗೆ ಕಾಣಬಾರದು, ಅಷ್ಟೇ’ ಎಂದೆ.

ಅಧ್ಯಕ್ಷರೇ, ನಾಲ್ಕು ವರ್ಷದ ಹಿಂದಿನ ಆ ಮಾತು ಈಗ ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ನಾನು ಲಂಚ ತಿಂದವನಲ್ಲ, ಒಬ್ಬರ ಮನೆಯ ಸ್ವೀಟ್ ಬಾಕ್ಸ್ ಕೂಡ ಮುಟ್ಟಿದವನಲ್ಲ, ಅದನ್ನೇ ದೊಡ್ಡ ಹೆಮ್ಮೆ ಎಂದುಕೊಂಡಿದ್ದೆ. ಯಾವ ಲಂಚವೂ ಇಲ್ಲದೆ ಒಬ್ಬ ಹೆಂಗಸಿಗೆ ವಿಷವನ್ನು ಮೋರಿಗೆ ಸುರಿಯಲು ಅನುಮತಿ ಕೊಟ್ಟು ಬಂದೆನಲ್ಲ, ಇದಕ್ಕೆ ಏನೆನ್ನಬೇಕು? ಅಂಜನಮ್ಮ ಸುರಿಯಲಿಲ್ಲ. ಚೀಲ ಅಲ್ಲೇ ಉಳಿದವು. ಇಪ್ಪತ್ತಕ್ಕೆ ಮೂರು ಅಂಕ ಕೊಟ್ಟೆ, ಆ ಮೂರನ್ನೂ ದೊಡ್ಡ ಮನಸ್ಸು ಮಾಡಿ ಕೊಟ್ಟೆ. ಅವರು ತಂದಿಟ್ಟ ಮಜ್ಜಿಗೆ ಕುಡಿದೇ ಎದ್ದು ಬಂದೆ.

ಮರುದಿನ ನೋಡಿದ್ದು ಅದೇ ಲೇಪದ ಕೆಲಸ ಮಾಡುವ ಒಂದು ದೊಡ್ಡ ಘಟಕ. ಹಸಿರು ಬಣ್ಣ ಬಳಿದ ನೆಲ, ಹಳದಿ ಗೆರೆಗಳು, ಗೋಡೆಗೆ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು. ಒಂದೇ ಒಂದು ಚೀಲ ಇಲ್ಲ. ‘ನಿಮ್ಮ ಕೆಸರೆಲ್ಲ ಎಲ್ಲಿ?’ ಎಂದು ಕೇಳಿದೆ. ಕೇಳಿದೆ ಎನ್ನುವುದೊಂದೇ ಈಗ ನನಗಿರುವ ಸಮಾಧಾನ. ಮ್ಯಾನೇಜರ್ ನಕ್ಕು, ‘ಅದೆಲ್ಲ ಔಟ್‌ಸೋರ್ಸ್ ಸಾರ್, ಟ್ಯಾಂಕರ್ ಬರುತ್ತೆ’ ಎಂದ. ಟ್ಯಾಂಕರ್ ಬರುತ್ತದೆ ಸರಿ, ಎಲ್ಲಿಗೆ ಹೋಗುತ್ತದೆ? ಅದನ್ನು ಕೇಳಲು ಅಂಕಪಟ್ಟಿಯಲ್ಲಿ ಸಾಲು ಇರಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಹಾಕಿದೆ. ಮೇಲೆ ಥಳುಕು, ಒಳಗೆ ಹುಳುಕು ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು, ಆದರೆ ಅಜ್ಜಿಗೆ ಪ್ರಮಾಣಪತ್ರ ಇರಲಿಲ್ಲ ನೋಡಿ. ನಾಲ್ಕು ಶೆಡ್‌ಗಳನ್ನೂ ಕೈಬಿಟ್ಟು ಪೂರ್ತಿ ಕೆಲಸವನ್ನು ಆ ಒಬ್ಬನಿಗೇ ಕೊಡಬೇಕೆಂದು ಸಮಿತಿ ತೀರ್ಮಾನಿಸಿತು. ಒಬ್ಬನೇ ಆದರೆ ದರ ಕಡಿಮೆ, ಕಾಗದ ಕಡಿಮೆ, ತಪಾಸಣೆಯೂ ಕಡಿಮೆ. ಆ ತೀರ್ಮಾನಕ್ಕೆ ಸಹಿ ಮಾಡಿದವರಲ್ಲಿ ನಾನು ಮೂರನೆಯವನು.

ನನ್ನ ಮನೆ ಕೆಂಗೇರಿ ಉಪನಗರದಲ್ಲಿ. ಗಾಳಿ ನದಿಯ ಕಡೆಯಿಂದ ಬೀಸಿದರೆ ನನ್ನ ಹೆಂಡತಿ ತುಂಗಾ ಕಿಟಕಿ ಹಾಕುತ್ತಾ, ‘ಯಾವ ಪುಣ್ಯಾತ್ಮರು ಬಿಡ್ತಾರೋ ಇದನ್ನೆಲ್ಲ’ ಎನ್ನುತ್ತಾಳೆ. ನಾನೂ ಹೌದೌದು ಎನ್ನುತ್ತಿದ್ದೆ. ಬಡಾವಣೆಯವರು ನದಿ ಉಳಿಸಿ ಎಂದು ಮನವಿ ಬರೆದಾಗ ಮೊದಲ ಸಾಲಿನಲ್ಲೇ ನನ್ನ ಸಹಿ ಇತ್ತು. ಈ ಜುಲೈನಲ್ಲಿ ಆ ಪುಣ್ಯಾತ್ಮರಲ್ಲಿ ಒಬ್ಬರು ಸಿಕ್ಕಿಬಿದ್ದರು. ನಮ್ಮ ಹಸಿರು ನೆಲದ ಘಟಕದ ಟ್ಯಾಂಕರ್ ನದಿ ಸೇರುವ ರಾಜಕಾಲುವೆಗೆ ಪೈಪ್ ಇಳಿಬಿಟ್ಟು ನಿಂತಿತ್ತು. ನದಿಯ ನಾತಕ್ಕೆ ಅದೊಂದೇ ಕಾರಣ ಅಲ್ಲ, ಊರಿನ ಕೊಳಚೆಯೆಲ್ಲ ಅದರಲ್ಲಿದೆ. ಆದರೆ ಅದರಲ್ಲಿ ನನ್ನ ಪಾಲು ಎಷ್ಟೆಂದು ಈಗ ನನಗೆ ಗೊತ್ತು. ವಿಷಯವನ್ನು ತುಂಗಾಗೆ ಹೇಳಿದೆ. ಅಂದಿನಿಂದ ಕಿಟಕಿ ಹಾಕುವಾಗ ಅವಳು ಆ ಮಾತು ಆಡುವುದನ್ನು ಬಿಟ್ಟಿದ್ದಾಳೆ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಡೆದದ್ದು ನಿಮಗೇ ಗೊತ್ತು. ಘಟಕಕ್ಕೆ ಬೀಗ ಬಿತ್ತು, ಲೇಪ ಮಾಡಲು ಬೇರೆ ಯಾರೂ ಇಲ್ಲ. ಹತ್ತೊಂಬತ್ತು ದಿನ ಜೋಡಣೆಯ ಸಾಲು ನಿಂತಿತು, ಗುತ್ತಿಗೆ ಕಾರ್ಮಿಕರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದಿರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿಮ್ಮ ಕಚೇರಿಯಿಂದ ನನಗೆ ಫೋನು: ‘ಸಾರ್, ಆ ಚೀಲದ ಅಮ್ಮನ ನಂಬರ್ ಇದ್ಯಾ?’

ನಂಬರ್ ಇರಲಿಲ್ಲ. ವಿಚಾರಿಸಿಕೊಂಡು ಮಲ್ಲತ್ತಹಳ್ಳಿಗೆ ಹೋದೆ. ಅಂಜನಮ್ಮ ತಂಗಿಯ ಮನೆಯ ಮುಂಭಾಗದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಆರ್ಡರ್ ನಿಂತ ಮೇಲೆ ತೊಟ್ಟಿಗಳನ್ನು ಗುಜರಿಗೆ ಹಾಕಿದರಂತೆ. ಆದರೂ ಎರಡು ವರ್ಷ ಆ ಖಾಲಿ ಶೆಡ್ಡಿಗೆ ಬಾಡಿಗೆ ಕಟ್ಟಿದ್ದಾರೆ. ಯಾಕೆಂದು ಕೇಳಿದೆ.

‘ಚೀಲ ಇತ್ತಲ್ಲ ಸಾರ್. ಅದನ್ನ ತಗೊಳ್ಳೋ ಕಡೆ ಗೊತ್ತಾಗೋವರ್ಗೂ ಎಲ್ಲಿ ಬಿಡೋದು? ಗೂಳಪ್ಪ ಲಾರಿ ಮಾಡಿ ಕಳಿಸಿದ ಮೇಲೇನೇ ಬೀಗದ ಕೈ ಕೊಟ್ಟಿದ್ದು’ ಎಂದರು, ಅದು ಮಾಡಲೇಬೇಕಾದ ಕೆಲಸ ಎನ್ನುವ ಹಾಗೆ.

ಕ್ಷಮಿಸಿ ಎನ್ನಬೇಕೆಂದು ಹೋದವನು ಲೋಟ ಹಿಡಿದು ಕೂತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವರೇ ನನ್ನ ಮುಜುಗರ ನೋಡಲಾರದೆ, ‘ಗೂಳಪ್ಪ ಕುಂಬಳಗೋಡಲ್ಲಿ ಎರಡು ತೊಟ್ಟಿ ಇಟ್ಕೊಂಡಿದಾನೆ, ಅವನನ್ನ ಕೇಳಿ. ನನ್ನ ಹತ್ರಾನೇ ಕಲ್ತಿರೋದು’ ಎಂದರು.

ಗೂಳಪ್ಪನೂ ಅವನ ಹೆಂಡತಿ ಮುತ್ತವ್ವನೂ ಎರಡು ಪಾಳಿ ದುಡಿದು ನಿಮ್ಮ ಜೋಡಣೆಯ ಸಾಲನ್ನು ಮತ್ತೆ ಓಡಿಸಿದರು. ಅದು ತಾತ್ಕಾಲಿಕ ಆರ್ಡರ್. ಕಾಯಂ ಆಗಬೇಕಾದರೆ ಅಂಕ ಬೇಕು. ಹೋದ ವಾರ ನಿಮ್ಮ ಅಧಿಕಾರಿ ನನ್ನದೇ ಪಟ್ಟಿ ಹಿಡಿದು ಹೋಗಿ, ಗೋಡೆಗೆ ಪೇರಿಸಿದ ಚೀಲ ನೋಡಿ, ‘ಗುರುವಾರ ಬರ್ತೀನಿ, ಅಷ್ಟರಲ್ಲಿ ಇವು ಕಾಣಬಾರದು’ ಎಂದು ಹೇಳಿ ಬಂದಿದ್ದಾರೆ. ಒಂದು ಲಾರಿ ತುಂಬುವಷ್ಟು ಆಗದೆ, ಕೆಸರು ತೆಗೆದುಕೊಳ್ಳುವವರ ಕಡೆಗೆ ಚೀಲ ಕಳಿಸಲಾಗದು. ಅದಕ್ಕೆ ಇನ್ನೂ ಎರಡು ತಿಂಗಳು ಬೇಕು. ಗೂಳಪ್ಪ ನನಗೆ ಫೋನ್ ಮಾಡಿದ: ‘ಸರ, ಚೀಲ ಎಲ್ಲಿ ಇಡ್ಲಿ ಅಂತ ನೀವ ಹೇಳ್ರಿ.’

ಮೊದಲ ಬಸ್ಸಿಗೇ ಹೋದೆ. ‘ಬಾಗಿಲಲ್ಲೇ ಇಡಪ್ಪ. ಬರುವವರ ಕಣ್ಣಿಗೆ ಮೊದಲು ಅದೇ ಬೀಳಲಿ’ ಎಂದೆ. ಮಾತು ಚೆನ್ನಾಗಿದೆ ಎಂದು ನನಗೇ ಅನ್ನಿಸಿತು. ಮುತ್ತವ್ವ ತೊಟ್ಟಿಯ ಹತ್ತಿರದಿಂದ ತಲೆಯೆತ್ತದೆ ಅಂದಳು: ‘ನಿಮಗ ಪೆನ್ಷನ್ ಬರ್ತೈತ್ರಿ ಸರ. ನಮಗ ಆರ್ಡರ್ ಬೇಕ್ರಿ. ಅಂಜನಕ್ಕನೂ ಹಿಂಗ ಎದುರಿಗೇ ಇಟ್ಟಿದ್ಲು. ಏನ್ ಸಿಕ್ತು ಆಕೀಗಿ?’

ಗೂಳಪ್ಪ ಇನ್ನೂ ತೀರ್ಮಾನಿಸಿಲ್ಲ. ಶೆಡ್ಡಿನ ಹಿಂದೆಯೇ ಒಂದು ಹಳ್ಳ ಇದೆ, ಅದು ಎಲ್ಲಿಗೆ ಹೋಗಿ ಸೇರುತ್ತದೆಂದು ನಾನು ಹೇಳಬೇಕಿಲ್ಲ.

ಆದ್ದರಿಂದ ಅಧ್ಯಕ್ಷರೇ, ಹದಿನಾಲ್ಕನೆಯ ಸಾಲನ್ನು ಹೊಡೆದು, ‘ತ್ಯಾಜ್ಯ ಎಲ್ಲಿದೆ, ತೋರಿಸಿ’ ಎಂದು ಬರೆಯಿರಿ. ತೋರಿಸಿದವರಿಗೆ ಇಪ್ಪತ್ತು ಅಂಕ ಕೊಡಿ, ಟ್ಯಾಂಕರ್ ಬರುತ್ತದೆ ಎಂದವರ ಟ್ಯಾಂಕರ್ ಹಿಂದೆ ಜೀಪು ಕಳಿಸಿ. ಪೂರ್ತಿ ಕೆಲಸವನ್ನು ಒಬ್ಬರಿಗೇ ಕೊಡಬೇಡಿ, ಗೂಳಪ್ಪನಿಗೂ ಕೊಡಬೇಡಿ. ಮೂವರಿಗೆ ಹಂಚಿ, ಅವರು ಒಬ್ಬರಿಗೊಬ್ಬರು ನೆರವಾದರೆ ಅಂಕ ಕಳೆಯಬೇಡಿ. 2005ರ ಕಡತದಲ್ಲಿ ಅಂಜನಮ್ಮನವರ ಹೆಸರಿನ ಮುಂದಿರುವ ಮೂರನ್ನು ಅಳಿಸಿ ಇಪ್ಪತ್ತು ಮಾಡಿ. ಅದರಿಂದ ಅವರ ತೊಟ್ಟಿ ವಾಪಸು ಬರುವುದಿಲ್ಲ, ಆದರೂ ಮಾಡಿ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಆ ಶೆಡ್ಡಿನ ಬಾಗಿಲಲ್ಲಿರುತ್ತೇನೆ. ಈ ಸಲ ಅಧಿಕಾರಿಯನ್ನು ಕಳಿಸಬೇಡಿ, ನೀವೇ ಬನ್ನಿ. ಚೀಲ ಅಲ್ಲೇ ಇದ್ದರೆ ಮುತ್ತವ್ವನ ಪ್ರಶ್ನೆಗೆ ಉತ್ತರ ಹೇಳಿ. ಇಲ್ಲದಿದ್ದರೆ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ ಹೊರಡಿ, ನಾನು ಹಾಕಿದ್ದೆನಲ್ಲ ಹಾಗೆ.

ಇಂತಿ,
ಮಜ್ಜಿಗೆ ಕುಡಿದು ಮೂರು ಅಂಕ ಕೊಟ್ಟು ಬಂದ
ವೆಂಕಟಗಿರಿ
ನಿವೃತ್ತ ತಪಾಸಣಾಧಿಕಾರಿ, ಕೆಂಗೇರಿ ಉಪನಗರ
ಅಕ್ಟೋಬರ್ 2009