ಕೆಳಗಿನ ಅರ್ಧ

ಗುರುವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಬೈಯಬೇಡ. ಈ ಕಾಗದ ಓದಿದ ಮೇಲೆ ಒಲೆಗೆ ಹಾಕು. ನಾಳೆ ಹತ್ತು ಗಂಟೆಗೆ ಇವರನ್ನು ಸೇನೆಯ ಕಚೇರಿಗೆ ಕರೆದಿದ್ದಾರೆ. ಹೋದ ತಿಂಗಳು ಅಲ್ಲಿಗೆ ಹೋದ, ಪೋಸ್ಟರ್ ಅಚ್ಚು ಹಾಕುವ ಪ್ರೆಸ್ಸಿನವರು ಇನ್ನೂ ಮನೆಗೆ ಬಂದಿಲ್ಲ.

ನಡೆದದ್ದು ಇಷ್ಟು. ಮಂಗಳವಾರ ಚಿತ್ರಮಂದಿರದ ಗೋಡೆಗೆ 'ಸೇನೆಗೆ ಸೇರಿ' ಎನ್ನುವ ಪೋಸ್ಟರ್ ಅಂಟಿಸುವ ಕೆಲಸ ಇವರಿಗೆ ಬಂತು. ಹಳೆಯ ಪದರಗಳಿಗೆ ನೀರು ಹಾಕಿ ಕೆರೆಯುತ್ತಿದ್ದಾಗ, ನಾವು ಮದುವೆಯಾದ ಹೊಸತರಲ್ಲಿ ನೋಡಿದ ಆ ಯುದ್ಧದ ತಮಾಷೆ ಸಿನಿಮಾದ ಪೋಸ್ಟರ್ ಅಡಿಯಲ್ಲಿ ಸಿಕ್ಕಿತಂತೆ. ನೀನೂ ಜೊತೆಗಿದ್ದೆ. ನಕಾಶೆ ತಲೆಕೆಳಗಾಗಿ ಹಿಡಿದು ಸ್ವಂತ ಊರಿನ ಮೇಲೇ ದಂಡೆತ್ತಿ ಹೋಗುವ ಸೇನಾಪತಿ! ತಲೆಯ ಮೇಲೆ ಪಾತ್ರೆ, ಎದೆಯ ತುಂಬ ಸೋಡಾ ಬಾಟಲಿಯ ಮುಚ್ಚಳಗಳು, ಫಿರಂಗಿಯ ಮೇಲೆ ಹಿಂದುಮುಂದಾಗಿ ಕೂತಿದ್ದಾನೆ. ಬಣ್ಣ ಒಂಚೂರೂ ಮಾಸಿಲ್ಲ ಎಂದು ಊಟಕ್ಕೆ ಬಂದಾಗ ಇವರು ಮಗುವಿನ ಹಾಗೆ ಹಿಗ್ಗಿದರು.

ಊಟವಾದ ಮೇಲೆ ಹೋಗಿ ಅದರ ಮೇಲೇ ಹೊಸದನ್ನು ಅಂಟಿಸಿ ಬಂದರು. ಬುಧವಾರ ಬೆಳಿಗ್ಗೆ ನೋಡಿದರೆ ಕೆಳಗಿನ ಅರ್ಧ ಹರಿದು ಬಿದ್ದಿದೆ. ಮೇಲೆ 'ದೇಶ ಕರೆಯುತ್ತಿದೆ' ಎಂದು ದಪ್ಪಕ್ಷರ. ಕೆಳಗೆ ಫಿರಂಗಿಯ ಸೇನಾಪತಿ, ಅವನ ಕಾಲಡಿ 'ಸಂಸಾರ ಸಮೇತ ಬನ್ನಿ, ನಕ್ಕು ನಕ್ಕು ಸಾಯಿರಿ'. ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಮಧ್ಯಾಹ್ನ ಸೇನೆಯ ಜೀಪು ಬಂದಾಗ ನಕ್ಕವರು ಒಬ್ಬರೂ ಇಲ್ಲ.

ಅಕ್ಕ, ತಪ್ಪು ನನ್ನದು. ಅಂಟು ಕುದಿಸುವವಳು ನಾನು. ಮೈದಾ ಹಿಟ್ಟು ಬೆಂದು ಹೊಳಪು ಬರುವವರೆಗೂ ತಿರುವುತ್ತಲೇ ಇರಬೇಕು, ಇಲ್ಲದಿದ್ದರೆ ಗೋಡೆ ಹಿಡಿಯುವುದಿಲ್ಲ. ಅಂದು ಅದು ಒಲೆಯ ಮೇಲಿದ್ದಾಗಲೇ ನಿನ್ನ ಕಾಗದ ಬಂತು. ಗಡಿಯಿಂದ ಮಗನ ಸುದ್ದಿಯೇ ಇಲ್ಲ, ವಿಚಾರಿಸಲು ಹೋದರೆ ಸೇನೆಯವರು ಗದರಿಸಿ ಕಳುಹಿಸಿದರು ಎಂದು ಬರೆದಿದ್ದೆಯಲ್ಲ, ಅದನ್ನೇ ಎರಡೆರಡು ಸಲ ಓದಿದೆ. ಪಾತ್ರೆಯನ್ನು ಅರ್ಧಕ್ಕೇ ಇಳಿಸಿಬಿಟ್ಟೆ. ಊಟ ಮುಗಿಸಿ ಇವರೂ ಓದಿದರು. ಕಾಗದ ಮಡಿಸಿಟ್ಟು, ಅಂಟಿನ ಬಕೆಟ್ ಎತ್ತಿಕೊಂಡು ಹೊರಟರು.

ಅಂಟಿನ ವಿಷಯ ಇವರಿಗೆ ಇನ್ನೂ ಹೇಳಿಲ್ಲ. ನಾಳೆ ನಾನೂ ಜೊತೆಗೆ ಹೋಗಿ ಅಧಿಕಾರಿಯ ಮುಂದೆ ಒಪ್ಪಿಕೊಳ್ಳುತ್ತೇನೆ. ಅಂಟು ಸರಿಯಾಗಿ ಬೇಯಲಿಲ್ಲ ಎಂದು ಯಾರನ್ನಾದರೂ ಒಳಗೆ ಹಾಕುತ್ತಾರೆಯೇ? ಹೀಗೆ ಧೈರ್ಯ ತಂದುಕೊಳ್ಳುತ್ತೇನೆ, ಆದರೆ ಹೊರಗೆ ಯಾರದೋ ಚಪ್ಪಲಿ ಸದ್ದಾದರೆ ಸಾಕು, ಬಾಗಿಲಿಗೆ ಓಡುತ್ತೇನೆ. ಚಿಲಕ ಹಾಕಿದೆಯೋ ಇಲ್ಲವೋ ಎಂದು ಮೂರು ಸಲ ನೋಡಿ ಬಂದೆ. ನಿನ್ನನ್ನೂ ಯಾರಾದರೂ ಕೇಳಿದರೆ, ನಮಗೆ ಕಾಗದ ಬರೆದೇ ಇಲ್ಲ ಎನ್ನು.

ಇಂತಿ,
ನಿನ್ನ ಪುಕ್ಕಲಿ ತಂಗಿ

ತಾ.ಕ.: ಕಾಗದ ಮಡಿಸುವ ಮೊದಲು ಇವರಿಗೆ ಎಲ್ಲ ಹೇಳಿಬಿಟ್ಟೆ. "ಅಂಟು ಚೆನ್ನಾಗೇ ಇತ್ತು ಕಣೇ. ಕೆಳಗಿನ ಅರ್ಧಕ್ಕೆ ನಾನು ಹಚ್ಚಲೇ ಇಲ್ಲ," ಎಂದರು. 'ಅಂಟು ಕೆಟ್ಟಿತ್ತು ಸಾರ್' ಎಂದು ಹೇಳುವುದನ್ನು ಈಗ ಇವರಿಗೆ ಕಲಿಸುತ್ತಿದ್ದೇನೆ. ನಾಲ್ಕು ಸಲ ಹೇಳಿಸಿದೆ. ನಾಲ್ಕು ಸಲವೂ ನಕ್ಕುಬಿಟ್ಟರು.